ಅತ್ತೆಯ ಕನ್ನಡಿ, ಮಾವನ ಪ್ಲಸ್ಸು

ಪ್ಲೇಟಿಂಗ್ ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಯಜಮಾನರೇ,

ಮೊಣಕಾಲು ಹೇಗಿದೆ? ಹಡಗುಕಟ್ಟೆಯ ಗಾಳಿ ಮೈಗೆ ಒಗ್ಗುವುದಿಲ್ಲ ಎಂದು ಗೊತ್ತಿದ್ದೂ ಅಲ್ಲೇ ಕೆಲಸ ಹಿಡಿದಿದ್ದೀರಿ, ಇರಲಿ. ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಇನ್ನು ನಿಮ್ಮ ಅಪ್ಪನ ವಿಷಯ. ದಯವಿಟ್ಟು ಬಂದು ಅವರನ್ನು ಕರೆದುಕೊಂಡು ಹೋಗಿ. ನನ್ನ ಕೈಲಿ ಆಗುವುದಿಲ್ಲ.

ಜೀವಮಾನವೆಲ್ಲ ಬ್ಯಾಟರಿ ಮಾರಿದವರು, ತಮ್ಮ ಅಂಗಡಿ ಮುಚ್ಚಿದ ಮೇಲೆ ಸುಮ್ಮನೆ ಕೂರಲಾರದೆ ನನ್ನ ಬೆನ್ನು ಹತ್ತಿದ್ದಾರೆ. ಬೆಳ್ಳಿ ಹಿಡಿಸುವ ತೊಟ್ಟಿಯಲ್ಲಿ ಇಳಿಬಿಟ್ಟ ಬೆಳ್ಳಿ ತಗಡಿಗೆ ಪ್ಲಸ್ ತಂತಿ ಕೊಟ್ಟು ಅದನ್ನು ಆನೋಡ್ ಎಂದರೆ ಸಾಕು, "ಆನೋಡ್ ಅಂದ್ರೆ ಮೈನಸ್ಸು ಕಣಮ್ಮಾ, ಎಷ್ಟು ಸೆಲ್ ಮಾರಿದೀನಿ ನಾನು" ಎಂದು ಶುರು. ಸೆಲ್ ತಾನೇ ಕರೆಂಟು ಕೊಡುವಾಗ ಅವರ ಮಾತು ಸರಿಯೇ. ನನ್ನ ತೊಟ್ಟಿಗೆ ಹೊರಗಿನಿಂದ ಕರೆಂಟು ಕೊಡುತ್ತೇವಲ್ಲ, ಇಲ್ಲಿ ಆನೋಡ್ ಪ್ಲಸ್ಸು. ಪ್ಲಸ್ಸು ಮೈನಸ್ಸು ನೋಡಿ ಹೆಸರಿಡುವುದಲ್ಲ ಮಾವಾ, ಎಲೆಕ್ಟ್ರಾನ್ ಕಳೆದುಕೊಳ್ಳುವ ಕೆಲಸ ಎಲ್ಲಿ ನಡೆಯುತ್ತದೋ ಅದು ಆನೋಡ್, ಪಡೆದುಕೊಳ್ಳುವ ಕಡೆ ಕ್ಯಾಥೋಡ್ ಎಂದು ಗಂಟಲು ಹರಿಯುವಂತೆ ಹೇಳಿದೆ. ನಿಮ್ಮ ಬ್ಯಾಟರಿಯನ್ನೇ ಚಾರ್ಜಿಗೆ ಹಾಕಿದರೂ ಪ್ಲಸ್ಸು ಪ್ಲಸ್ಸಾಗಿಯೇ ಇದ್ದು ಈ ಹೆಸರುಗಳು ಅದಲುಬದಲಾಗುತ್ತವೆ ಎಂದೆ. "ಗಳಿಗೆಗೊಂದು ಹೆಸರು ಇಟ್ಕೊಳ್ಳೋಕೆ ಅದೇನು ಕಳ್ಳನಾ?" ಎಂದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಿನ್ನೆ, ತೀರಿಕೊಂಡ ಅತ್ತೆಯ ಕನ್ನಡಿಯ ಚೌಕಟ್ಟನ್ನು ಗಾಜು ಬಿಚ್ಚಿ, ತೊಳೆದು ಇಟ್ಟಿದ್ದೆ. ನೀವು ಬರುವುದರೊಳಗೆ ಹೊಸ ಬೆಳ್ಳಿ ಹಿಡಿಸು ಎಂದು ಹೇಳಿ ಹೋಗಿದ್ದಿರಲ್ಲ, ಅದೇ. ಅಷ್ಟರಲ್ಲಿ ಗಿರಾಕಿ ಬಂದರೆಂದು, "ಚೌಕಟ್ಟನ್ನ ಕ್ಯಾಥೋಡಿಗೆ ಕೊಡಿ ಮಾವಾ" ಎಂದು ಎದ್ದು ಹೋದೆ. ಅವರ ಲೆಕ್ಕದಲ್ಲಿ ಕ್ಯಾಥೋಡ್ ಎಂದರೆ ಪ್ಲಸ್ಸಲ್ಲವೇ! ತಗಡಿನ ತಂತಿ ಕಿತ್ತು ಚೌಕಟ್ಟಿಗೆ ಸಿಕ್ಕಿಸಿದ್ದಾರೆ, ಚೌಕಟ್ಟಿಗೆ ಬರಬೇಕಾದದ್ದನ್ನು ತಗಡಿಗೆ. ನಾನು ಬರುವಷ್ಟರಲ್ಲಿ ಇದ್ದಬದ್ದ ಬೆಳ್ಳಿಯೂ ಕರಗಿ ತಗಡಿನ ಮೇಲೆ ಹೋಗಿ ಕೂತಿತ್ತು, ಚೌಕಟ್ಟಿನ ಒಳಗಿನ ಹಿತ್ತಾಳೆ ಹಲ್ಲು ಕಿರಿಯುತ್ತಿತ್ತು. ಬಾಯಿಗೆ ಬಂದದ್ದೆಲ್ಲ ಅಂದೆ. "ಅವಳ ಕೈ ಸವರಿದ ಬೆಳ್ಳಿ ಕಣಮ್ಮಾ ಅದು" ಎಂದು ಮಾವ ಗೋಡೆ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೂ ಏಳಲಿಲ್ಲ. ವಾದಿಸಿದರೆ ಮೈ ಉರಿಯುತ್ತದೆ, ಸುಮ್ಮನಿದ್ದರೆ ಕರುಳು ಹಿಂಡುತ್ತದೆ. ಇಂಥವರ ಜೊತೆ ಹೇಗೆ ಏಗಲಿ, ನೀವೇ ಹೇಳಿ.

ಕಾಲು ನೋಡಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ,
ಕೂಗಿ ಕೂಗಿ ಗಂಟಲು ಕಟ್ಟಿದ ಹೆಂಡತಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾವ ಎದ್ದು ಬಂದರು. ಅತ್ತೆಯ ಬೆಳ್ಳಿ ಎಲ್ಲೂ ಹೋಗಿಲ್ಲ, ತಗಡಿನ ಮೇಲ್ಪದರದಲ್ಲೇ ಇದೆ, ತಂತಿ ಅದಲುಬದಲು ಮಾಡಿದರೆ ಮೊದಲು ಅದೇ ಹೊರಟು ಬರುತ್ತದೆ ಎಂದೆ. ತೊಟ್ಟಿಯೊಳಗೆ ಬಗ್ಗಿ ನೋಡಿ, "ಕಳ್ಕೊಳ್ಳೋದು ಯಾವುದಮ್ಮಾ?" ಎಂದು ಕೇಳಿದರು. ತಗಡು ತೋರಿಸಿದೆ. ಪ್ಲಸ್ ತಂತಿಯನ್ನು ತಾವೇ ಅದಕ್ಕೆ, ಮೈನಸ್ಸನ್ನು ಚೌಕಟ್ಟಿಗೆ ಸಿಕ್ಕಿಸಿ, ಸ್ಟೂಲು ಎಳೆದುಕೊಂಡು, ಚೌಕಟ್ಟು ಬೆಳ್ಳಗಾಗುವುದನ್ನೇ ನೋಡುತ್ತ ಕೂತಿದ್ದಾರೆ. ಅವರನ್ನು ಕರೆದುಕೊಂಡು ಹೋಗಲು ಬರಬೇಡಿ. ಸುಮ್ಮನೆ ಬನ್ನಿ.