ಹಡಗುಕಟ್ಟೆಗೆ ಹೋಗಿದ್ದೇನೆ, ಸೊಲಿನ್‌ಗಲ್ಲ

ಯೆರ್ಕೊ,

ನಾನು ಸ್ಪ್ಲಿಟ್ ಊರು ಬಿಟ್ಟು ಸೊಲಿನ್‌ನಲ್ಲಿರುವ ನಿನ್ನ ಚಿಕ್ಕಮ್ಮನ ಮನೆಗೆ ಹೋಗಿಲ್ಲ, ಹೋಗುವುದೂ ಇಲ್ಲ. ಬೇಸಿಗೆಯಿಡೀ ನನ್ನ ಕೋಣೆ ಪ್ರವಾಸಿಗರಿಗೆ ಬಾಡಿಗೆಗಿದೆ ಎಂದು ನನ್ನನ್ನು ಕೇಳದೆ ಫೋನಿನಲ್ಲಿ ಜಾಹೀರಾತು ಹಾಕಿದ್ದೀಯಲ್ಲ, ಅದನ್ನು ಮೊದಲು ತೆಗೆ.

ಅವರಿಗೆಂದು ಬಾಗಿಲ ಪಕ್ಕ ನೇತುಹಾಕಿದ್ದ ಕೀಲಿಕೈ ಡಬ್ಬಿಯನ್ನು ಕಿತ್ತು ಕಸಕ್ಕೆ ಎಸೆದಿದ್ದೇನೆ. ನಮ್ಮ ಮನೆಯ ಗೋಡೆ ಎಂದರೆ ರೋಮನ್ ಚಕ್ರವರ್ತಿ ಕಟ್ಟಿಸಿದ ಹಳೆಯ ಅರಮನೆಯ ಗೋಡೆ, ಅದಕ್ಕೆ ಮೊಳೆ ಹೊಡೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು? ಬಂದವರ ಮುಖ ನೋಡಿ ಕೀಲಿಕೈಯನ್ನು ನಾನೇ ಕೊಡುತ್ತೇನೆ.

ಒಲೆಯ ಮೇಲೆ ಮೀನಿನ ಸಾರಿದೆ, ಬಿಸಿ ಮಾಡಿಕೊಂಡು ಉಣ್ಣು. ಕಿಟಕಿಯ ಹಗ್ಗದ ಮೇಲಿನ ಬಟ್ಟೆ ಒಣಗಿದ್ದರೆ ಒಳಗೆ ತಾ. ಪ್ರವಾಸಿಗರ ಫೋಟೋ ಕೆಡುತ್ತದೆಂದು ಹಗ್ಗವನ್ನೇ ಬಿಚ್ಚಿದರೆ ಜೋಕೆ!

“ಅಮ್ಮಾ, ನೀನು ಹಡಗುಕಟ್ಟೇಲಿ ‘ಕೋಣೆ ಇದೆ’ ಅನ್ನೋ ರಟ್ಟು ಹಿಡ್ಕೊಂಡು ನಿಂತ್ರೆ ನಂಗೆ ತಲೆ ಎತ್ಕೊಂಡು ಓಡಾಡೋಕಾಗಲ್ಲ” ಅಂದೆಯಲ್ಲ. ನಿಮ್ಮಪ್ಪ ಆ ರಟ್ಟು ನೋಡಿಯೇ ನನ್ನ ಹಿಂದೆ ಬಂದವರು. ಎರಡು ದಿನಕ್ಕೆಂದು ಬಂದು ಉಳಿದೇ ಬಿಟ್ಟರು. ಇವತ್ತೂ ಅದನ್ನೇ ಹಿಡಿದು ಹೊರಟಿದ್ದೇನೆ.

ಬರುವವರಿಗೆ ಕೊಡುವುದು ನಿನ್ನ ಕೋಣೆ. ಒಗೆದ ಹೊದಿಕೆ ಹಾಸಿಯಾಗಿದೆ. ನಿನ್ನ ದಿಂಬು ಅಡುಗೆಮನೆಯ ಬೆಂಚಿನ ಮೇಲಿದೆ. ಅಲ್ಲಿ ನಿದ್ದೆ ಬರದಿದ್ದರೆ ಸೊಲಿನ್‌ಗೆ ಹೋಗು. ಚಿಕ್ಕಮ್ಮ ಹೇಗೂ ಹಾಸಿಗೆ ಹಾಸಿ ಕಾಯುತ್ತಿದ್ದಾಳೆ.

ಅಮ್ಮ