ಅಮ್ಮನ ಪಾಲಿನ ಮಾತ್ರೆ

ಮನೆಯಿಂದ,
ಶನಿವಾರ, ತಾರೀಖು ೧೭, ಬೆಳಗ್ಗೆ ಹತ್ತೂವರೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮಗಳ ಮನೆ ಮೂರನೇ ಮಹಡಿ, ಹಾಲಿಗೊಂದು ಸಲ, ತರಕಾರಿಗೊಂದು ಸಲ ಅಂತ ಹತ್ತಿ ಇಳಿಯುತ್ತಿದ್ದೀಯೋ ಏನೋ. ಅಳಿಯನಿಗೆ ಕಾಲಿಲ್ಲವೇ, ಅವನನ್ನೇ ಓಡಿಸು. ಮಗಳು ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಹೆರಿಗೆಯ ಹೊಲಿಗೆ ಮಾಗಿತೇ? ಎಲ್ಲ ಚೆನ್ನಾಗಿದೆ ಎಂದು ಆ ಡಾಕ್ಟರ್ ಹೇಳಿದರೂ ಇನ್ನೊಮ್ಮೆ ತೋರಿಸಿ ಬನ್ನಿ, ಹೊಲಿಗೆಯ ವಿಷಯದಲ್ಲಿ ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಹೊಸ ಯಜಮಾನರು ರಾತ್ರಿ ಎಲ್ಲರನ್ನೂ ಎಬ್ಬಿಸಿ ಹಗಲು ತಾವು ಮಲಗುತ್ತಾರಂತೆ. ಅಜ್ಜನ ಕಡೆಯಿಂದ ಅವರ ಅಂಗಾಲಿಗೊಂದು ಮುತ್ತು ಕೊಡು.

ಈಗ ಇಲ್ಲಿನ ಸುದ್ದಿ. ಮೊದಲೇ ಹೇಳಿಬಿಡುತ್ತೇನೆ, ನಾನು ಕುರ್ಚಿಯಲ್ಲಿ ಕೂತು ನನ್ನ ಕೈಯಾರೆ ಬರೆಯುತ್ತಿದ್ದೇನೆ. ಆದ್ದರಿಂದ ಅರ್ಧ ಓದಿ ಎದ್ದು ಬ್ಯಾಗಿಗೆ ಬಟ್ಟೆ ತುಂಬಬೇಡ, ಪೂರ್ತಿ ಓದು. ಇದನ್ನು ಫೋನಿನಲ್ಲಿ ಹೇಳಬಹುದಿತ್ತು ನಿಜ. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಹತ್ತು ಪ್ರಶ್ನೆ ಕೇಳುತ್ತೀಯ, ನನಗೆ ರೇಗುತ್ತದೆ, ಇಬ್ಬರೂ ಜಗಳವಾಡಿ ಇಟ್ಟುಬಿಡುತ್ತೇವೆ. ಈಗ ಜಗಳವಾಡುವಷ್ಟು ಉಸಿರೂ ನನ್ನಲ್ಲಿಲ್ಲ. ಪಕ್ಕದ ಮನೆಯ ಡ್ರೈವರ್ ಇವತ್ತು ಸರಕು ಹೇರಿಕೊಂಡು ನಿಮ್ಮ ಕಡೆಗೇ ಬರುತ್ತಿದ್ದಾನೆ, ಸಂಜೆಯೊಳಗೆ ಇದು ನಿನ್ನ ಕೈ ಸೇರುತ್ತದೆ.

ಹೋದ ವಾರದ ಗುರುವಾರ ನನಗೆ ನೆಗಡಿ ಹಿಡಿಯಿತು. ಬರೀ ನೆಗಡಿ. ಔಷಧಿ ತೆಗೆದುಕೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಎನ್ನುತ್ತಾರಲ್ಲ, ಅಂಥದ್ದು. ನಮ್ಮ ಟೈಲರಿಂಗ್ ಅಂಗಡಿಯಲ್ಲಿ ಗುಂಡಿಗೆ ಕಾಜ ಹೊಲಿಯುವ ಹೆಂಗಸು ವಾರವಿಡೀ ಸೀನುತ್ತಿದ್ದಳು, ಅವಳದ್ದೇ ಬಳುವಳಿ. ಅವಳು ಒಂದು ಮಾತ್ರೆ ನುಂಗಿ ಮೂರೇ ದಿನಕ್ಕೆ ಹಾಡು ಗುನುಗುತ್ತ ಕೆಲಸಕ್ಕೆ ಬಂದಳು. ನನಗೂ ಒಂದು ನೀಡಿದಳು, ಬೇಡ ಎಂದೆ. ಎಲ್ಲರಿಗೂ ಆಗುವುದು ನನಗೆ ಆಗುವುದಿಲ್ಲ ಎಂದು ಜನಕ್ಕೆ ಹೇಳಿ ಹೇಳಿ ಸಾಕಾಗಿದೆ. ನೋಡಲು ಗಟ್ಟಿಯಾಗಿದ್ದೇನೆ, ಹೊಟ್ಟೆಯೂ ಇದೆ. ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆ, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಬೇರೆಯವರಿಗೆ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲ, ನಾನು ನಲವತ್ತೈದು ಸಾವಿರದಲ್ಲೇ ಸಂಸಾರ ತೂಗಿಸುತ್ತಿರುವವನು. ಹನ್ನೊಂದು ವರ್ಷದ ಹಿಂದೆ ಹಲ್ಲು ಕೀಳಿಸಿಕೊಂಡು ಬಂದು ಎರಡು ದಿನ ದಿಂಬು ಒದ್ದೆ ಮಾಡಿದೆನಲ್ಲ, ಅಂದಿನಿಂದ ನನ್ನ ಪ್ರತಿ ಸೀನಿಗೂ ನೀನು ಕಾವಲು.

ಈ ಸಲವೂ ನೀನು ಬೀರುವಿನ ಬಾಗಿಲಿಗೆ ಅಂಟಿಸಿ ಹೋದ ಹಾಳೆಯನ್ನು ಅಕ್ಷರ ಬಿಡದೆ ಪಾಲಿಸಿದೆ, ನಂಬು. ಮೈ ಬಿಸಿಯಾದಾಗ ಪ್ಯಾರಾಸಿಟಮಾಲ್ ಮಾತ್ರ, ಅದೂ ಡಾಕ್ಟರ್ ಹೇಳಿದ ಲೆಕ್ಕಕ್ಕೆ. ಮೂಗಿಗೆ ಉಪ್ಪುನೀರಿನ ಹನಿ. ಬಿಸಿನೀರು ಕುಡಿಯುವುದು, ಮಲಗುವುದು. ಮೂಗನ್ನು ಜೋರಾಗಿ ಸೀದದೆ ಒಂದೊಂದೇ ಹೊಳ್ಳೆಯನ್ನು ಮೆಲ್ಲಗೆ ಒರೆಸುವುದು. ಮೈಕೈ ನೋವಿನ ಮಾತ್ರೆಯ ಹತ್ತಿರವೂ ಸುಳಿಯಲಿಲ್ಲ. ನೆಗಡಿಗೆಂದೇ ಮಾರುವ, ನಾಲ್ಕು ಔಷಧಿ ಸೇರಿಸಿದ ಪುಡಿಗಳನ್ನು ಮುಟ್ಟಲಿಲ್ಲ, ಅದರೊಳಗೆ ಆಸ್ಪಿರಿನ್ ಅಡಗಿ ಕೂತಿರುತ್ತದೆ ಎಂದು ನೀನು ಕೆಂಪು ಶಾಯಿಯಲ್ಲಿ ಬರೆದಿದ್ದೀಯಲ್ಲ. ದಿನವೂ ಬೆಳಗ್ಗೆ ಕಿಟಕಿಯ ಬೆಳಕಿಗೆ ಕಾಲು ಚಾಚಿ ಕೆಂಪು ಚುಕ್ಕೆ ಎದ್ದಿವೆಯೇ ಎಂದು ನೋಡಿಕೊಂಡೆ. ಭಾನುವಾರದವರೆಗೆ ಇರಲಿಲ್ಲ. ನೀನಿಲ್ಲದೆಯೂ ನಾನು ಜಾಣ ಎಂದು ಒಳಗೊಳಗೇ ಬೀಗುತ್ತಿದ್ದೆ.

ಸೋಮವಾರ ಹನ್ನೊಂದು ಗಂಟೆಗೆ ಬ್ಯಾಂಕ್ ಮ್ಯಾನೇಜರ್ ಕೋಟಿನ ಟ್ರಯಲ್‌ಗೆ ಬಂದರು. ಕೆನೆ ಬಣ್ಣದ ಬಟ್ಟೆ, ಅವರ ಮಗನ ಮದುವೆಗೆ. ಹೆಗಲಿನ ಹತ್ತಿರ ಪಿನ್ನು ಚುಚ್ಚುತ್ತಿದ್ದೆ, ಕೋಟಿನ ಎದೆಯ ಮೇಲೆ ಟಪ್ಪನೆ ಒಂದು ಹನಿ ಬಿತ್ತು. ಬೆರಳಿಗೇ ಚುಚ್ಚಿಕೊಂಡೆನೇನೋ ಎಂದು ಕೈ ನೋಡಿಕೊಳ್ಳುವಷ್ಟರಲ್ಲಿ ಇನ್ನೊಂದು, ಮತ್ತೊಂದು, ಆಮೇಲೆ ಮೂಗಿನಿಂದ ನಲ್ಲಿ ಬಿಟ್ಟಂತೆ. ಕಾಜ ಹೊಲಿಯುವವಳು ಓಡಿ ಬಂದು ನನ್ನ ತಲೆಯನ್ನು ಹಿಂದಕ್ಕೆ ಬಗ್ಗಿಸಲು ನೋಡಿದಳು. ಮಾತಾಡಲು ಬಾಯಿ ತೆರೆದರೆ ಬಾಯಿಗೂ ರಕ್ತ. ಅವಳ ಕೈ ತಳ್ಳಿ, ಸ್ಟೂಲಿನ ಮೇಲೆ ಕೂತು, ಮುಂದಕ್ಕೆ ಬಾಗಿ, ನೀನು ಕಲಿಸಿದ ಹಾಗೆ ಮೂಗಿನ ಮೆತ್ತನೆಯ ಭಾಗವನ್ನು ಒತ್ತಿ ಹಿಡಿದೆ. ಗೋಡೆಯ ಗಡಿಯಾರದಲ್ಲಿ ಹದಿನೈದು ನಿಮಿಷವಾಯಿತು, ಇಪ್ಪತ್ತಾಯಿತು. ನಿಲ್ಲಲಿಲ್ಲ. ಪಾಪ, ಆ ಮ್ಯಾನೇಜರೇ ಅರ್ಧ ಹೊಲಿದ ಕೋಟಿನಲ್ಲಿ, ಪಿನ್ನುಗಳ ಸಮೇತ, ನನ್ನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ನಾನು ಕೋಟಿಗೇ ಕ್ಷಮೆ ಕೇಳುತ್ತಿದ್ದೆನಂತೆ.

ನಮ್ಮ ಡಾಕ್ಟರಮ್ಮನೇ ಇದ್ದರು. ಮೂಗಿಗೆ ಔಷಧಿ ಹಾಕಿದ ಬತ್ತಿ ತುರುಕಿ ಸಂಜೆಯವರೆಗೆ ಮಲಗಿಸಿಕೊಂಡರು. ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರ. ನೆಗಡಿ ಬಂದಾಗ ಸ್ವಲ್ಪ ಇಳಿಯುವುದುಂಟು, ಆದರೆ ಇಷ್ಟು ಹೊತ್ತು ರಕ್ತ ಹೋಗಲು ಬೇರೇನೋ ಕಾರಣವಿದೆ, ಏನು ತೆಗೆದುಕೊಂಡಿರಿ ಎಂದು ಮೂರು ಸಲ ಕೇಳಿದರು. ಏನೂ ಇಲ್ಲ ಎಂದು ಮೂರು ಸಲವೂ ಹೇಳಿದೆ. ಅವರು ನಂಬಲಿಲ್ಲ. ಇಷ್ಟು ವರ್ಷ ಅವರ ಮುಂದೆ ಸುಳ್ಳು ಹೇಳಿದವನಲ್ಲ, ನನಗೆ ಅಳುವೇ ಬಂತು. ತಲೆನೋವು ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ ಆ ಕ್ಷಣವೇ ಹೊರಟು ಬರಬೇಕು, ಹತ್ತು ಸಾವಿರಕ್ಕೆ ಇಳಿದರೆ ದಾಖಲಾಗಲೇಬೇಕು ಎಂದು ಹೇಳಿ ಮನೆಗೆ ಕಳಿಸಿದರು.

ಕಾರಣ ಗೊತ್ತಾದದ್ದು ಮಂಗಳವಾರ ಬೆಳಗ್ಗೆ. ನಿದ್ದೆ ಹತ್ತದೆ ಬೇಗ ಎದ್ದು ಅಡುಗೆಮನೆಗೆ ಹೋದರೆ, ಅಮ್ಮ ಬೆನ್ನು ಬಗ್ಗಿಸಿ ನಿಂತು, ಲೋಟದ ತಳದಿಂದ ಏನನ್ನೋ ಅರೆಯುತ್ತಿದ್ದಳು. ಪಕ್ಕದಲ್ಲಿ ನನ್ನ ಚಹಾ. ನೀನು ವಾರಕ್ಕೆಂದು ತುಂಬಿಟ್ಟು ಹೋದ ಅವಳ ಮಾತ್ರೆ ಡಬ್ಬಿಯಲ್ಲಿ ಮಂಗಳವಾರದ ಮನೆ ತೆರೆದಿತ್ತು. ಅವಳ ಹೃದಯದ ಡಾಕ್ಟರ್ ಕೊಟ್ಟಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಪುಟ್ಟ ಬಿಳಿ ಮಾತ್ರೆ. ಅದೂ ಆಸ್ಪಿರಿನ್ನೇ. ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ, ನಾಲ್ಕು ದಿನವೂ ಅದು ನನ್ನ ಹೊಟ್ಟೆಗೆ ಹೋಗಿತ್ತು.

ಅವಳು ಬೆಚ್ಚಲೂ ಇಲ್ಲ. ಚಿಕ್ಕವನಿದ್ದಾಗ ನಾನು ಮಾತ್ರೆ ಉಗುಳುತ್ತಿದ್ದೆನಂತೆ, ಪುಡಿ ಮಾಡಿ ಹಾಲಿನಲ್ಲಿ ಕದಡಿ ಕುಡಿಸುತ್ತಿದ್ದಳಂತೆ. “ನಿನಗೆ ಗೊತ್ತಾಗದ ಹಾಗೆ ಕೊಟ್ರೇನೇ ನಿನಗೆ ಔಷಧಿ ಹತ್ತೋದು” ಎಂದಳು. ಅವಳ ಲೆಕ್ಕ ಕೇಳು: ನೆಗಡಿ ಎಂದರೆ ಎದೆಯಲ್ಲಿ ಕಫ ಗಟ್ಟಿಯಾಗುವುದು, ಈ ಮಾತ್ರೆ ಗಟ್ಟಿಯಾದದ್ದನ್ನು ಕರಗಿಸುವುದು, ಅಷ್ಟು ದೊಡ್ಡ ಡಾಕ್ಟರ್ ಕೊಟ್ಟದ್ದು, ಅಂದಮೇಲೆ ಮಗನಿಗೆ ಕೊಡದೆ ತಾನೊಬ್ಬಳೇ ತಿನ್ನುವುದು ಹೇಗೆ? ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಈ ಹೆಗ್ಗಣಕ್ಕೆ ಐವತ್ತಾರು ವರ್ಷ. ಅವಳ ಪಾಲಿನದನ್ನು ನನಗೆ ಕೊಟ್ಟು, ನಾಲ್ಕು ದಿನ ತಾನು ಮಾತ್ರೆಯೇ ಇಲ್ಲದೆ ಇದ್ದಳು ಎಂಬುದು ನನ್ನ ತಲೆಗೆ ಹೊಳೆದದ್ದು ಆಮೇಲೆ. ಅದಕ್ಕೆ ಮೊದಲೇ ನಾನು ಕೂಗಾಡಿಬಿಟ್ಟಿದ್ದೆ. ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಕೊಲ್ಲಬೇಕೆಂದಿದ್ದೀಯಾ ಎಂದೂ ಅಂದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ.

ಆಗ ಅವಳು ಕೈಯಲ್ಲಿದ್ದ ಲೋಟವನ್ನು ನಿಧಾನಕ್ಕೆ ಕೆಳಗಿಟ್ಟಳು. “ಹಾಗಾದ್ರೆ ನಿನ್ನ ಮೂಗಲ್ಲಿ ರಕ್ತ ಬಂದಿದ್ದು ನನ್ನಿಂದಾನಾ?” ಎಂದು ಕೇಳಿದಳು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು ನನಗೆ. ಅಂದಿನಿಂದ ಅವಳು ನನ್ನ ಹತ್ತಿರ ಮಾತಾಡುತ್ತಿಲ್ಲ. ಸಿಟ್ಟಲ್ಲ, ಭಯ. ನನ್ನ ತಟ್ಟೆಗೆ ಅನ್ನ ಬಡಿಸಲೂ ಹೆದರಿ ದೂರದಿಂದ ಪಾತ್ರೆ ತಳ್ಳುತ್ತಾಳೆ. ಕೆಮ್ಮಿದರೆ ಬಾಗಿಲ ಸಂದಿಯಿಂದ ಇಣುಕುತ್ತಾಳೆ, ನಾನು ನೋಡಿದರೆ ಸರಿದುಕೊಳ್ಳುತ್ತಾಳೆ. ಇದನ್ನು ನೋಡುವುದಕ್ಕಿಂತ ಮೂಗಿನಲ್ಲಿ ಬತ್ತಿ ಇಟ್ಟುಕೊಂಡು ಮಲಗುವುದೇ ಸುಲಭವಾಗಿತ್ತು.

ಡಾಕ್ಟರಮ್ಮನಿಗೆ ಅವತ್ತೇ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಲಿಲ್ಲ, ಹೇಳಿದ್ದು ಒಳ್ಳೆಯದಾಯಿತು ಎಂದರು. ಮಾತ್ರೆಯ ಪ್ರಭಾವ ಇನ್ನೂ ಒಂದು ವಾರ, ಹತ್ತು ದಿನ ಇರುತ್ತದಂತೆ. ಇರುವ ಅಷ್ಟಿಷ್ಟು ಪ್ಲೇಟ್‌ಲೆಟ್‌ಗಳನ್ನೂ ಅದು ಕೆಲಸಕ್ಕೆ ಬಾರದ ಹಾಗೆ ಮಾಡಿಬಿಡುತ್ತದಂತೆ. ಅಲ್ಲಿಯವರೆಗೆ ಕತ್ತರಿ, ಬ್ಲೇಡು ಮುಟ್ಟುವಂತಿಲ್ಲ, ಗಡ್ಡವನ್ನೂ ಬೋಳಿಸುವಂತಿಲ್ಲ. ಅಮ್ಮನ ಡಾಕ್ಟರಿಗೂ ತಿಳಿಸಿದೆ. ಬಿಟ್ಟುಹೋದದ್ದನ್ನು ಒಟ್ಟಿಗೆ ಕೊಡಬಾರದು, ಎಂದಿನ ಹಾಗೆ ದಿನಕ್ಕೊಂದು ಮುಂದುವರಿಸಿ ಎಂದರು. ಈಗ ಅವಳ ಮಾತ್ರೆಯನ್ನು ನಾನೇ ಕೈಗಿಟ್ಟು, ನುಂಗುವವರೆಗೆ ಎದುರಿಗೆ ನಿಲ್ಲುತ್ತೇನೆ. ಅವಳು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಾಳೆ. ತೋರಿಸು ಎಂದು ನಾನು ಕೇಳಿಯೇ ಇರಲಿಲ್ಲ.

ನೆಗಡಿ ಇಳಿದಿದೆ. ಕೆಮ್ಮು ಉಳಿದಿದೆ. ಸುಸ್ತು ಮಾತ್ರ ಹೇಳತೀರದು, ಬಚ್ಚಲಿಗೆ ಹೋಗಿ ಬಂದರೆ ಕೂತು ಸುಧಾರಿಸಿಕೊಳ್ಳಬೇಕು. ಮ್ಯಾನೇಜರರ ಕೋಟಿಗೆ ಬೇರೆ ಬಟ್ಟೆ ತರಿಸಿದ್ದೇನೆ, ಕತ್ತರಿಸುವ ಕೆಲಸವನ್ನು ಎದುರು ಬೀದಿಯ ಟೈಲರ್ ಮಾಸ್ತರಿಗೆ ಒಪ್ಪಿಸಿದೆ. ಅವನ ಕೈಯಲ್ಲಿ ತೋಳು ಯಾವಾಗಲೂ ಬೆರಳುದ್ದ ಗಿಡ್ಡ, ದೇವರೇ ಕಾಪಾಡಬೇಕು.

ನೀನು ಬರುವುದು ಬೇಡ. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಮಗಳಿಗೆ ಈಗ ನೀನು ಬೇಕು. ಆ ಮಗುವಿಗೆ ಇನ್ನೂ ತಿಂಗಳು ತುಂಬಿಲ್ಲ, ಕೆಮ್ಮುವ ಮನೆಯಿಂದ ಆ ಮನೆಗೆ, ಆ ಮನೆಯಿಂದ ಇಲ್ಲಿಗೆ ಓಡಾಡುವ ಹೊತ್ತಲ್ಲ ಇದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲಾಗುತ್ತದೆಯೇ? ಮಗಳಿಗೆ ಇದ್ಯಾವುದನ್ನೂ ಹೇಳಬೇಡ. ಅಮ್ಮನಿಗೆ ಫೋನ್ ಮಾಡಿ ನೀನಾಗಿಯೇ ಒಂದು ಮಾತು ಹೇಳಬೇಕು, ನಿನ್ನ ಮಾತಾದರೆ ಅವಳು ಕೇಳುತ್ತಾಳೆ. ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಅಳಿಯನಿಗೆ ನನ್ನ ನೆನಪು ತಿಳಿಸು. ಮಗಳಿಗೂ ಪುಟ್ಟ ಯಜಮಾನರಿಗೂ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಎಲ್ಲರದೂ ಮುಗಿಯಲಿ ಎಂದು ಕಾಯಬೇಡ.

ನಿನ್ನ,
ಇವರು

ಮತ್ತೆ: ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದನ್ನು ಬಿಟ್ಟಿದ್ದೇನೆ. ಮೊನ್ನೆ ಗುರುವಾರ ಮತ್ತೆ ರಕ್ತ ಪರೀಕ್ಷೆಗೆ ಬರಲೇಬೇಕು ಎಂದು ಡಾಕ್ಟರಮ್ಮ ಚೀಟಿ ಬರೆದು ಕೊಟ್ಟಿದ್ದರು. ಇವತ್ತು ಶನಿವಾರ. ನಾನು ಹೋಗಿಲ್ಲ. ಮೂವತ್ತೈದು ವರ್ಷ ಸೂಜಿ ಹಿಡಿದವನು ಸೂಜಿಗೆ ಹೆದರುತ್ತೇನೆಯೇ, ಹೆದರಿಕೆ ಆ ಸಂಖ್ಯೆಗೆ. ಎರಡು ದಿನದಿಂದ ಕಾಲಿನ ಮೇಲೆ ಚುಕ್ಕೆಗಳಿವೆ, ಯಾರಿಗೂ ತೋರಿಸಿಲ್ಲ. ಬಟ್ಟೆ ಒಗೆಯಲು ಹಾಕುವಾಗ ಜೇಬಿನಲ್ಲಿದ್ದ ಚೀಟಿ ಅಮ್ಮನ ಕೈಗೆ ಸಿಕ್ಕಿದೆ, ಪಕ್ಕದ ಮನೆಯವರ ಹತ್ತಿರ ಓದಿಸಿಕೊಂಡು ಬಂದಿದ್ದಾಳೆ. ಎರಡು ವರ್ಷದಿಂದ ಹೊಸ್ತಿಲು ದಾಟದವಳು ಹೊರಗೆ ಹೋಗುವ ಬಟ್ಟೆ ಉಟ್ಟು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಿದ್ದಾಳೆ. ನಾಲ್ಕು ದಿನದ ಮೇಲೆ ಮೊದಲ ಮಾತು ಆಡಿದಳು: “ಏಳು. ನಾನೇ ಕರ್ಕೊಂಡ್ ಹೋಗ್ತೀನಿ.” ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ನಮ್ಮನ್ನು ಆಸ್ಪತ್ರೆಯ ಮುಂದೆ ಇಳಿಸಿ ಆಮೇಲೆ ನಿಮ್ಮ ಕಡೆಗೆ ಬರುತ್ತಾನೆ. ಬರಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಲು ಪುರುಸೊತ್ತಿಲ್ಲ, ನೀನೇ ಹೊಡೆದುಹಾಕಿಕೋ.