ಹೆಬ್ಬೆರಳಿನ ಉಗುರು

ಅಪ್ಪಾ,

ನಿನ್ನ ಮೊಮ್ಮಗಳು ಹತ್ತೂ ಬೆರಳಿನ ಉಗುರನ್ನು ಬುಡದವರೆಗೆ ಕಚ್ಚಿಕೊಂಡಿದ್ದಾಳೆ. ಕಹಿ ಎಣ್ಣೆ ಹಚ್ಚಿದೆ, ಗದರಿದೆ. ಎಣ್ಣೆಯನ್ನು ಫ್ರಾಕಿಗೆ ಒರೆಸಿಕೊಂಡು ಮತ್ತೆ ಶುರು. ಥೇಟ್ ನನ್ನ ಹಾಗೇ.

ಇವತ್ತು ನಿನ್ನ ಉಪಾಯ ನೆನಪಾಯಿತು. ನೀನು ಒಂದು ದಿನವೂ ಬೈದವನಲ್ಲ. ವಾಚ್ ರಿಪೇರಿಯ ಮೇಜಿನಿಂದ ತಲೆಯೆತ್ತಿ, "ಈ ಹಿಂದಿನ ಮುಚ್ಚಳ ನನ್ನ ಕೈಲಿ ಬರ್ತಿಲ್ಲ ಕಣೇ. ನಿನ್ನ ಹೆಬ್ಬೆರಳಿನ ಉಗುರೊಂದು ಬೆಳೆಸಿ ಕೊಡ್ತೀಯಾ?" ಎಂದು ಕೇಳಿದ್ದೆ. ಆ ಒಂದನ್ನು ಉಳಿಸಲು ಹೋಗಿ ಹತ್ತೂ ಉಳಿದವು. ನಾನಿಲ್ಲದೆ ನಿನ್ನ ಅಂಗಡಿಯೇ ನಡೆಯದು ಎಂದು ಬೀಗುತ್ತಿದ್ದೆ.

ನೀನು ಹೋದ ಮೇಲೆ ಮುಟ್ಟದಿದ್ದ ನಿನ್ನ ಪೆಟ್ಟಿಗೆಯನ್ನು ಮಗಳ ಜೊತೆ ಕೂತು ತೆಗೆದೆ. ಅವಳು ತಳದಿಂದ ಒಂದು ಮೊಂಡು ಚಾಕು ಎತ್ತಿದಳು.

"ಇದೇನಮ್ಮಾ?"

ವಾಚಿನ ಮುಚ್ಚಳ ಎಬ್ಬಿಸುವ ಚಾಕು. ಹಿಡಿಯ ಮೇಲೆ ನೀನು ಕೆತ್ತಿದ್ದ ಇಸವಿ ನಾನು ಹುಟ್ಟುವುದಕ್ಕಿಂತ ಮೊದಲಿನದು.

"ಏನೋ ಹಳೇದು," ಎಂದು ಜೇಬಿಗೆ ಹಾಕಿಕೊಂಡೆ. ನಿನ್ನ ವಾಚನ್ನು ಅವಳ ಮುಂದೆ ಹಿಡಿದು ನೀನು ಕೇಳಿದ್ದನ್ನೇ ಕೇಳಿದೆ. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಜೋಪಾನ ಮಾಡಿದಳು.

ಹೋದ ವರ್ಷ ನೀನು ಫೋನ್ ಮಾಡಿದ್ದೆಯಲ್ಲ, "ಒಂದು ಮುಚ್ಚಳ ಬರ್ತಾನೇ ಇಲ್ಲ ಕಣೇ, ನಿನ್ನ ಉಗುರು ಬೇಕಿತ್ತು," ಅಂತ.

"ಒಂದು ಚಾಕು ತಗೊಳ್ಳಪ್ಪಾ, ನಂಗೆ ಪುರುಸೊತ್ತಿಲ್ಲ," ಎಂದೆ ನಾನು.

"ಆಗ್ಲಿ ಮಗಳೇ, ತಗೋತೀನಿ," ಎಂದೆ ನೀನು.